ಕಂಡಿಯೊಳಗೆ ಬಂದ ಸುದ್ದಿ

ಹಳ್ಳದ ದಂಡೆಯ ಕಾಡಿನಲ್ಲಿ ಒಂದು ಹಳೇ ತಾರೆಮರವಿತ್ತು. ಆ ಮರದ ಎತ್ತರದ ಪೊಟರೆಯೊಳಗೆ ಚೆನ್ನಿ ಎಂಬ ಮಂಗಟ್ಟೆ ಹಕ್ಕಿ ತನ್ನ ಬಾಗಿಲಿಗೆ ತಾನೇ ಗೋಡೆ ಕಟ್ಟಿಕೊಂಡು ಕೂತಿದ್ದಳು.

ಇದೇನು ಶಿಕ್ಷೆಯಾ ಅಂತ ಕೇಳಬೇಡಿ ಮಕ್ಕಳೇ. ಮಂಗಟ್ಟೆಗಳ ಮನೆಯ ಪದ್ಧತಿಯೇ ಹಾಗೆ. ಮೊಟ್ಟೆಯಿಡುವ ಕಾಲ ಬಂತೆಂದರೆ ಹೆಣ್ಣು ಪೊಟರೆ ಸೇರುತ್ತಾಳೆ. ಗಂಡು ಮಣ್ಣು ತಂದುಕೊಡುತ್ತಾನೆ. ಅವಳು ಆ ಮಣ್ಣಿಗೆ ಒಂದಿಷ್ಟು ಹಣ್ಣಿನ ತಿರುಳನ್ನೂ, ಊಟದ ಹೊತ್ತಿನಲ್ಲಿ ಹೆಸರು ಹೇಳಬಾರದ ಇನ್ನೊಂದು ವಸ್ತುವನ್ನೂ ಕಲಸಿ, ಬಾಗಿಲನ್ನು ಮೆತ್ತಿಬಿಡುತ್ತಾಳೆ. ಉಳಿಯುವುದು ಕೊಕ್ಕಿನ ತುದಿ ತೂರುವಷ್ಟು ಒಂದು ಕಂಡಿ. ಗಂಡ ಹೊರಗಿನಿಂದ ಆ ಕಂಡಿಯಲ್ಲೇ ಹಣ್ಣು ಕೊಡಬೇಕು, ಹೆಂಡತಿ ಒಳಗಿನಿಂದ ಆ ಕಂಡಿಯಲ್ಲೇ ಜಗಳ ಆಡಬೇಕು.

ಗೋಡೆ ಯಾಕೆಂದರೆ, ಉಡದ ಭಯಕ್ಕೆ. ಉಡ ಮರ ಹತ್ತುತ್ತದೆ. ಮೊಟ್ಟೆ ಸಿಕ್ಕರೆ ಮೊಟ್ಟೆ, ಮರಿ ಸಿಕ್ಕರೆ ಮರಿ. ಆದರೆ ಒಣಗಿ ಕಲ್ಲಾದ ಆ ಗೋಡೆಯನ್ನು ಕೆರೆದು ಕೆರೆದು ಸಾಕಾಗಿ ಇಳಿದುಹೋಗುತ್ತದೆ.

ಒಳಗೆ ಕೂತವಳಿಗೆ ಇನ್ನೊಂದು ಕಷ್ಟವೂ ಇದೆ. ಅಲ್ಲಿರುವಾಗಲೇ ಅವಳ ರೆಕ್ಕೆಯ ದೊಡ್ಡ ಗರಿಗಳೆಲ್ಲ ಉದುರುತ್ತವೆ. ಹೊಸವು ಬರುವ ತನಕ ಹಾರುವಂತಿಲ್ಲ. ಚೆನ್ನಿ ಬಹಳ ಅಚ್ಚುಕಟ್ಟಿನವಳು. ಉದುರಿದ ಗರಿಯನ್ನು ಒಂದು ಗಳಿಗೆಯೂ ಮನೆಯಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ಕಂಡಿ ಕಿರಿದು, ಗರಿಯ ಬುಡ ದಪ್ಪ. ಅದಕ್ಕೇ ಬುಡವನ್ನು ಕಚ್ಚಿ ಕಚ್ಚಿ ಚಪ್ಪಟೆ ಮಾಡಿ ಹೊರಗೆ ತಳ್ಳುವಳು. ತಳ್ಳಿದ್ದು ಗಾಳಿಗೆ ಸುತ್ತುತ್ತ ಎಲ್ಲಿಗೆ ಹೋಯಿತೆಂದು ಅವಳಿಗೆ ಕಾಣುತ್ತಿರಲಿಲ್ಲ. ಕಂಡಿಯಿಂದ ಕಾಣುತ್ತಿದ್ದುದು ಎದುರಿನ ಮತ್ತಿಮರದ ಒಂದು ಕೊಂಬೆ, ಅದರ ಹಿಂದೆ ಒಂದು ಚೂರು ಆಕಾಶ, ಅಷ್ಟೇ.

ಉಳಿದ ಲೋಕವೆಲ್ಲ ಅವಳಿಗೆ ಕಿವಿಯಿಂದಲೇ ಬರಬೇಕಿತ್ತು.

ಮೊಟ್ಟೆಯೊಡೆದು ಮರಿ ಬಂತು. ಮೈಮೇಲೆ ಪುಕ್ಕವಿಲ್ಲ, ಕಣ್ಣು ಬಿಟ್ಟಿಲ್ಲ, ಬಾಯಿ ಮಾತ್ರ ಅಪ್ಪನಷ್ಟೇ ದೊಡ್ಡದು. ಚೆನ್ನಿಗೆ ಅದನ್ನು ನೋಡಿದಷ್ಟೂ ಸಾಲದು. ಕತ್ತಲೆಯಲ್ಲಿ ಸರಿಯಾಗಿ ಕಾಣದಿದ್ದರೆ ಕೊಕ್ಕಿನಿಂದ ಸವರಿ ನೋಡುವಳು.

ಒಂದು ಬೆಳಿಗ್ಗೆ ಅವಳ ಗಂಡ ಮಾದ ಕಂಡಿಯ ಹತ್ತಿರ ಬಂದು, "ಬಸರಿಮರ ಬರಿದಾಯ್ತು ಕಣೇ," ಅಂದ. "ಗುಡ್ಡದ ಹಿಂದೆ ಆಲದ ಹಣ್ಣು ಬಿಟ್ಟಿದೆಯಂತೆ. ಅಲ್ಲಿಗೆ ಹೋಗಿಬರ್ತೀನಿ."

"ಬಿಟ್ಟಿದೆಯಂತೆ ಅಂದ್ರೆ? ಯಾರು ಹೇಳಿದ್ದು?"

"ಹಸಿರು ಪಾರಿವಾಳಗಳು. ಬರೀ ಮಾತಿಗೆ ನಂಬಿಲ್ಲ ಮಾರಾಯ್ತಿ. ಅವುಗಳ ಕೊಕ್ಕಿನ ಮೇಲೆ ರಸ ಇನ್ನೂ ಆರಿರಲಿಲ್ಲ."

"ಹಾಗಾದ್ರೆ ಸರಿ."

"ದೂರ ಇದೆ. ಗಾಳಿ ಎದ್ದರೆ ಇವತ್ತು ವಾಪಸ್ ಬರೋಕೆ ಆಗ್ದೇ ಇರಬಹುದು. ನಾಳೆ ಹೊತ್ತು ಮುಳುಗೋದರೊಳಗೆ ಬಂದೇ ಬರ್ತೀನಿ. ಏನೇ ಆಗಲಿ, ಗೋಡೆ ಮುಟ್ಟಬೇಡ."

"ಅಲ್ಲೀತನಕ ನಾನೇನು ಗಾಳಿ ಕುಡೀಲಾ?"

"ಕುಡಿ. ಗೋಡೆ ಕಟ್ಟಿದ ಮೇಲೆ ದಪ್ಪ ಆಗಿದೀಯ."

ಚೆನ್ನಿ ಕಂಡಿಯಿಂದ ಅವನ ಕೊಕ್ಕನ್ನು ಟಕ್ಕೆಂದು ಕುಟ್ಟಿದಳು. ಮಾದ ನಗುತ್ತ ಹಾರಿದ. ಮಂಗಟ್ಟೆ ಹಾರುವಾಗ ರೆಕ್ಕೆ ಭುಸ್ ಭುಸ್ ಎಂದು ಸದ್ದು ಮಾಡುತ್ತದೆ. ಆ ಸದ್ದು ಹಳ್ಳ ದಾಟುವ ತನಕ ಅವಳು ಕಿವಿಗೊಟ್ಟು ಕೇಳಿದಳು.

ಅವನು ಹೋದ ಮೇಲೆ ಕಂಡಿಯ ಅಂಚಿನಲ್ಲಿ ಬಿಟ್ಟಿದ್ದ ಒಂದು ಬಿರುಕಿಗೆ ಮಾದ ತಂದುಕೊಟ್ಟಿದ್ದ ಹಸಿಮಣ್ಣು ಮೆತ್ತಿದಳು. ಮೆತ್ತಿ ತಿರುಗುವಷ್ಟರಲ್ಲಿ ರೆಕ್ಕೆಯ ಒಂದು ಗರಿ ಉದುರಿತು. ಕರೀ ಗರಿ, ತುದಿ ಬಿಳಿ. ಎಂದಿನಂತೆ ಬುಡ ಕಚ್ಚಿ ಹೊರಗೆ ತಳ್ಳಿದಳು. ಸಂಜೆ ಗಾಳಿ ಎದ್ದಿತು. ಮಾದ ಬರಲಿಲ್ಲ. ಗಾಳಿ ಎದ್ದರೆ ಬರುವುದಿಲ್ಲ ಎಂದು ಅವನೇ ಹೇಳಿದ್ದನಲ್ಲ, ಚೆನ್ನಿ ಮರಿಯನ್ನು ಹೊಟ್ಟೆಯಡಿ ಎಳೆದುಕೊಂಡು ಮಲಗಿದಳು.

ಮರುದಿನ ಬೆಳಗಾದರೆ ಎದುರಿನ ಮತ್ತಿಕೊಂಬೆಯ ಮೇಲೆ ಹರಟೆಮಲ್ಲ ಹಕ್ಕಿಗಳ ಇಡೀ ಸಂಸಾರ ಬಂದು ಕೂತಿತ್ತು. ಈ ಹಕ್ಕಿಗಳು ಒಂಟಿಯಾಗಿ ಎಲ್ಲಿಗೂ ಹೋಗುವವಲ್ಲ. ಒಂದು ಹುಳ ಹಿಡಿಯಲೂ ಬಳಗ ಕಟ್ಟಿಕೊಂಡೇ ಹೊರಡುತ್ತವೆ. ಹುಳ ಸಿಕ್ಕರೆ ಒಬ್ಬರು ತಿನ್ನುತ್ತಾರೆ, ಸುದ್ದಿ ಸಿಕ್ಕರೆ ಎಲ್ಲರೂ ತಿನ್ನುತ್ತಾರೆ. ಅವರ ಹಿರಿಯಳು ನಾಗಕ್ಕ.

"ಚೆನ್ನೀ, ಅಯ್ಯೋ ಚೆನ್ನೀ, ಯಾವ ಬಾಯಲ್ಲಿ ಹೇಳಲಿ ತಾಯಿ!"

"ಇರೋದೊಂದೇ ಬಾಯಿ ನಾಗಕ್ಕ, ಅದರಲ್ಲೇ ಹೇಳು," ಅಂದಳು ಚೆನ್ನಿ.

"ನಿನ್ನ ಮಾದ ಹೋದ ಕಣೇ."

"ಗೊತ್ತು. ಆಲದ ಹಣ್ಣಿಗೆ ಹೋಗಿದಾನೆ."

"ಹಾಗಲ್ಲ ನನ್ನವ್ವಾ. ಹೋದ."

ಕೊಂಬೆಯ ಮೇಲಿದ್ದವರೆಲ್ಲ ಒಟ್ಟಿಗೆ ಗೋಳಿಟ್ಟರು. ಚೆನ್ನಿ ಕಂಡಿಗೆ ಕಣ್ಣಿಟ್ಟು, "ನೀನು ಕಂಡೆಯಾ?" ಎಂದು ಕೇಳಿದಳು.

ಒಳ್ಳೆಯ ಪ್ರಶ್ನೆ. ಸರಿಯಾದ ಉತ್ತರ ಸಿಗುವ ತನಕ ಬಿಡದೆ ಕೇಳಿದ್ದರೆ ಈ ಕತೆ ಬೇರೆಯಾಗುತ್ತಿತ್ತು.

"ಕಣ್ಣಾರೆ ಕಂಡೆ," ಅಂದಳು ನಾಗಕ್ಕ. "ಗಿಡುಗನ ಮರ ಇದೆಯಲ್ಲ, ಅದರ ಬುಡದಲ್ಲಿ ಗರಿ ಬಿದ್ದಿದೆ. ಇಷ್ಟುದ್ದ. ಕರೀ ಗರಿ, ತುದಿ ಬಿಳಿ. ನಿಮ್ಮವರದ್ದಲ್ದೆ ಈ ಕಾಡಲ್ಲಿ ಇನ್ಯಾರದ್ದು?"

"ಗರಿ ಕಂಡೆ, ಸರಿ. ಗಿಡುಗ ಅವನನ್ನ ಹಿಡಿದದ್ದು?"

"ಹಿಡೀದೆ ಗರಿ ಅಲ್ಲಿಗೆ ನಡ್ಕೊಂಡು ಹೋಯ್ತಾ? ನಿನ್ನೆ ಬಂದನಾ ಅವನು? ಬರಲಿಲ್ಲ. ಇವತ್ತು ಬಂದಿದಾನಾ? ಇಲ್ಲ. ಇನ್ನು ನೀನೇ ಲೆಕ್ಕ ಹಾಕ್ಕೋ ತಾಯಿ."

"ಆ ಗರಿ ಇಲ್ಲಿಗೆ ತರ್ತೀಯಾ? ನೋಡ್ತೀನಿ."

"ಅದನ್ನ ನೋಡಿ ನೀನು ಉಳೀತೀಯಾ? ಬೇಡಮ್ಮ, ಆ ಪಾಪ ನನಗೆ ಬೇಡ." ನಾಗಕ್ಕ ಕಣ್ಣೊರೆಸಿಕೊಂಡಳು. ಅವಳ ಕಣ್ಣೀರು ಸುಳ್ಳಲ್ಲ. ಈ ಕತೆಯಲ್ಲಿ ಯಾರೂ ಬೇಕಂತ ಸುಳ್ಳು ಹೇಳಲಿಲ್ಲ, ಅದೇ ದುಃಖ.

ಹರಟೆಮಲ್ಲರು ಹಾರಿಹೋದರು. ಚೆನ್ನಿ ತನಗೆ ತಾನೇ ಹೇಳಿಕೊಂಡಳು: ಹೊತ್ತು ಮುಳುಗೋದರೊಳಗೆ ಬರ್ತೀನಿ ಅಂದಿದಾನೆ. ಈಗಿನ್ನೂ ಬಿಸಿಲು ಏರುತ್ತಿದೆ. ಮರಿ ಬಾಯಿ ತೆರೆದು ಕಿರುಗುಟ್ಟಿತು. ಕೊಡಲು ಏನೂ ಇರಲಿಲ್ಲ.

ಬಿಸಿಲೇರಿದಾಗ ಕುಟ್ರಪ್ಪ ಬಂದ. ಕುಟ್ರುಹಕ್ಕಿ ಗೊತ್ತಲ್ಲ, ಬೆಳಗಿಂದ ಸಂಜೆಯವರೆಗೆ ಹೇಳಿದ್ದನ್ನೇ ಹೇಳುವ ಹಕ್ಕಿ. ಅದನ್ನೇ ಹೇಳುತ್ತಾನಾದ್ದರಿಂದ ಅವನು ಮಾತಿಗೆ ತಪ್ಪದವನೆಂದು ಕಾಡಿನಲ್ಲಿ ಹೆಸರಾಗಿತ್ತು.

"ಕೇಳಿದೆ ಚೆನ್ನಮ್ಮ, ಬಹಳ ಬೇಜಾರಾಯ್ತು," ಅಂದ. "ಗಿಡುಗ ಮೇಲಿಂದ ಎರಗಿತಂತೆ. ಮಾದನಿಗೆ ತಿರುಗೋಕೂ ಆಗಲಿಲ್ಲವಂತೆ."

"ಯಾರು ಕಂಡರಂತೆ?"

"ಎಲ್ಲರೂ ಅದನ್ನೇ ಹೇಳ್ತಿದಾರಮ್ಮ."

ಮೇಲಿಂದ ಎರಗಿತು ಎಂಬ ಮಾತು ನಾಗಕ್ಕನ ಬಾಯಲ್ಲಿ ಇರಲಿಲ್ಲ. ಹಾಗಾದರೆ ಇದು ಬೇರೆ ಯಾರೋ ಕಂಡದ್ದು ಇರಬೇಕು ಎಂದುಕೊಂಡಳು ಚೆನ್ನಿ. ದಾರಿಯಲ್ಲಿ ಬರುತ್ತ ಬರುತ್ತ ಆ ಮಾತು ತಾನೇ ಮೈ ತುಂಬಿಕೊಂಡಿರಬಹುದೆಂದು ಅವಳಿಗೆ ಹೊಳೆಯಲಿಲ್ಲ.

ಕುಟ್ರಪ್ಪ ಹೋಗಿ ಸ್ವಲ್ಪ ಹೊತ್ತಿಗೆ ಪಕ್ಕದ ಮರದ ಕೆಂಜಳಿಲು ರಂಗಿ ಓಡೋಡಿ ಬಂದಳು. ರಂಗಿಯೂ ಮಕ್ಕಳೊಂದಿಗಳು. ಕಂಡಿಗೆ ಕೆನ್ನೆಯಿಟ್ಟು ಬಿಕ್ಕಿದಳು. "ಚೆನ್ನೀ, ಕೊನೇಲಿ ನಿನ್ನ ಹೆಸರು ಹಿಡಿದು ಕೂಗಿದನಂತೆ ಕಣೇ. ಒಂದೇ ಸಲ. ಚೆನ್ನೀ ಅಂತ."

ಅಲ್ಲಿಗೆ ಚೆನ್ನಿಯ ಮನಸ್ಸು ಮುರಿಯಿತು. ಗರಿಯ ಮಾತನ್ನು ಅನುಮಾನಿಸಬಹುದು, ಗಿಡುಗನ ಮಾತನ್ನು ಅನುಮಾನಿಸಬಹುದು. ಗಂಡ ಸಾಯುವಾಗ ತನ್ನ ಹೆಸರು ಕೂಗಿದ ಎಂಬುದನ್ನು ಯಾವ ಹೆಂಡತಿ ಅನುಮಾನಿಸಿಯಾಳು?

"ಯಾರು ಹೇಳಿದ್ರು ನಿಂಗೆ?" ಎಂದು ಕೇಳಿದಳು. ಉತ್ತರಕ್ಕಾಗಿ ಕೇಳಿದ್ದಲ್ಲ, ಅಳು ಬರುವ ಮೊದಲು ಏನಾದರೂ ಆಡಬೇಕಲ್ಲ ಎಂದು ಕೇಳಿದ್ದು.

"ಕುಟ್ರಪ್ಪ ಹೇಳಿದ."

ಕುಟ್ರಪ್ಪನಿಗೆ ಹೇಳಿದವರು ಹರಟೆಮಲ್ಲರು. ಹರಟೆಮಲ್ಲರಿಗೆ ಹೇಳಿದ್ದು ನೆಲದ ಮೇಲೆ ಬಿದ್ದ ಒಂದು ಗರಿ. ಮೂವರು ಬಂದು ಹೇಳಿದರು ಎಂದು ಚೆನ್ನಿ ಎಣಿಸಿದಳು. ಮೂವರೂ ಒಂದೇ ಗರಿಯ ಮಾತು ಆಡಿದರೆಂದು ಎಣಿಸಲಿಲ್ಲ.

ಮರಿ ಮತ್ತೆ ಕಿರುಗುಟ್ಟಿತು. ಈಗ ಆ ದನಿ ತೆಳ್ಳಗಾಗಿತ್ತು, ಅಥವಾ ಚೆನ್ನಿಗೆ ಹಾಗೆ ಕೇಳಿಸಿತು. ಮಾದ ಇಲ್ಲವೆಂದ ಮೇಲೆ ಈ ಕಂಡಿಗೆ ಇನ್ನು ಹಣ್ಣು ಬರುವುದಿಲ್ಲ. ಒಳಗೇ ಕೂತರೆ ಇಬ್ಬರೂ ಹಸಿದು ಸಾಯುವುದೇ. ಗೋಡೆ ಒಡೆಯಬೇಕು, ಹೊರಗೆ ಹೋಗಬೇಕು, ಹುಳವೋ ಹಣ್ಣೋ ಕಚ್ಚಿ ತರಬೇಕು. ಹಾರಲು ಬಾರದಿದ್ದರೇನು, ನೆಗೆದುಕೊಂಡು ಇಳಿದು ನೆಗೆದುಕೊಂಡು ಹತ್ತಿದರಾಯಿತು.

ಅವಳು ಗೋಡೆಗೆ ಮೊದಲ ಪೆಟ್ಟು ಕೊಟ್ಟಳು.

"ಏನು ಮಾಡ್ತಿದೀಯ ಮಗಳೇ?"

ಅದೇ ತಾರೆಮರದ ಇನ್ನೊಂದು ಪೊಟರೆಯಲ್ಲಿ ಗೂಬಜ್ಜಿ ಇದ್ದಳು. ಅವಳನ್ನು ಯಾರೂ ಮಾತಾಡಿಸುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಅವಳ ಮುಖ ಕಂಡರೆ ಕೆಡುಕು ಎಂದು ಹಕ್ಕಿಗಳೆಲ್ಲ ಕೊಕ್ಕು ತಿರುಗಿಸಿಕೊಂಡು ಹೋಗುತ್ತಿದ್ದವು. ಚೆನ್ನಿಯೂ ಅಷ್ಟೇ. ನೆರೆಯವಳಾದರೂ ಒಂದು ದಿನ ಕರೆದವಳಲ್ಲ.

"ಮಾದನ್ನ ಗಿಡುಗ ತಿಂತು, ಅಜ್ಜಿ. ನಿನಗೆ ಗೊತ್ತಿಲ್ವಾ?"

"ನನಗೆ ಗೊತ್ತಿಲ್ಲ," ಅಂದಳು ಗೂಬಜ್ಜಿ. "ನಾನು ಕಂಡಷ್ಟು ಹೇಳ್ತೀನಿ. ನಿನ್ನೆ ಬೆಳಿಗ್ಗೆ ನಾನು ಬೇಟೆ ಮುಗಿಸಿ ಬರ್ತಿದ್ದೆ. ಅವನು ಹಳ್ಳ ದಾಟಿ ಗುಡ್ಡದ ಕಡೆ ಹೋದ. ಗಿಡುಗನ ಮರ ಇರೋದು ಈಚೆ, ಅವನು ಹೋದದ್ದು ಆಚೆ. ಆಮೇಲೆ ಏನಾಯ್ತೋ ನಾನು ಕಂಡಿಲ್ಲ. ಸತ್ತದ್ದೂ ಕಂಡಿಲ್ಲ, ಬದುಕಿರೋದೂ ಕಂಡಿಲ್ಲ."

"ಬೇರೆಯವರೆಲ್ಲ ಅಷ್ಟು ಹೇಳ್ತಾರೆ, ನೀನು ಕಂಡಿಲ್ಲ ಅಂತೀಯಲ್ಲ!"

"ಕಂಡಿಲ್ಲದ್ದನ್ನ ಏನಂತ ಹೇಳಲಿ? ಮಗಳೇ, ಅವನು ಯಾವಾಗ ಬರ್ತೀನಿ ಅಂದಿದ್ದ?"

"ಇವತ್ತು ಹೊತ್ತು ಮುಳುಗೋದರೊಳಗೆ," ಅಂದಳು ಚೆನ್ನಿ, ಕುಟ್ಟುತ್ತಲೇ.

"ಹೊತ್ತು ಮುಳುಗೋ ತನಕ ಕಾಯಿ. ಮರಿ ಹಸಿದಿದೆ, ನಿಜ. ಆದರೆ ಸಂಜೆವರೆಗೆ ತಡ್ಕೊಳ್ಳತ್ತೆ. ಸುದ್ದಿ ನಿಜ ಆದರೆ ಸಂಜೆಗೂ ಗೋಡೆ ಒಡೀಬಹುದು. ಸುಳ್ಳಾದರೆ, ಒಡೆದ ಗೋಡೆಗೆ ಮಣ್ಣು ಯಾರು ತರ್ತಾರೆ?"

ಮಾತು ಸರಿಯಾಗಿಯೇ ಇತ್ತು. ಆದರೆ ಆಡಿದ ಬಾಯಿ ಗೂಬೆಯದು. ಹೊರಗಿನಿಂದ ರಂಗಿ ಕೂಗಿದಳು, "ಅದರ ಮಾತು ಕೇಳಬೇಡ ಚೆನ್ನೀ! ಆ ಅಪಶಕುನ ಪಕ್ಕದಲ್ಲಿ ಇದ್ದದ್ದಕ್ಕೇ ನಿನಗೆ ಈ ಗತಿ ಬಂದದ್ದು."

ಚೆನ್ನಿಗೂ ಹಾಗೇ ಅನ್ನಿಸಿತು. ಜೊತೆಗೆ ಅತ್ತವರು ತನ್ನವರು, ಅಳದೆ ಲೆಕ್ಕ ಹೇಳುವವಳು ಪರಕೀಯಳು. ಅವಳು ಅಜ್ಜಿಯ ಮಾತಿಗೆ ಕಿವಿಗೊಡದೆ ಗೋಡೆಯನ್ನು ಕುಟ್ಟತೊಡಗಿದಳು.

ಎಷ್ಟು ಗಟ್ಟಿಯಾಗಿ ಕಟ್ಟಿದ್ದಳು! ತಾನೇ ಮೆತ್ತಿದ ಒಂದೊಂದು ಉಂಡೆಯೂ ಅವಳ ಕೊಕ್ಕಿಗೆ ಎದುರಾಗಿ ನಿಂತಿತು. ಎದುರಿನ ಕೊಂಬೆಗೆ ಹರಟೆಮಲ್ಲರು ವಾಪಸಾಗಿ, "ಹಾಗೇ, ಹಾಗೇ, ಇನ್ನೊಂದು ಸ್ವಲ್ಪ!" ಎಂದು ಹುರಿದುಂಬಿಸಿದರು. ಕೊನೆಗೆ ಒಂದು ದೊಡ್ಡ ಹೆಂಟೆ ಕಳಚಿ ಕೆಳಗೆ ಬಿತ್ತು. ಪೊಟರೆಯೊಳಗೆ ಬೆಳಕು ನುಗ್ಗಿತು. ಚೆನ್ನಿ ಮೊದಲ ಸಲ ತನ್ನ ಮರಿಯ ಮುಖವನ್ನು ಬೆಳಕಿನಲ್ಲಿ ನೋಡಿದಳು. ನೆತ್ತಿಯ ಮೇಲೆ ಒಂದು ಪುಟ್ಟ ಮಚ್ಚೆಯಿತ್ತು. ಅದು ಅವಳಿಗೆ ಗೊತ್ತೇ ಇರಲಿಲ್ಲ.

"ಈಗ ಬಂದೆ ಕಂದಾ," ಎಂದು ಹೊರಗೆ ಕಾಲಿಟ್ಟಳು.

ತಾರೆಮರದ ಬೊಡ್ಡೆ ನೆಟ್ಟಗೆ, ನುಣ್ಣಗೆ. ಪೊಟರೆಯಿಂದ ನೆಲದವರೆಗೆ ಒಂದು ಕೊಂಬೆಯೂ ಇಲ್ಲ. ಇಷ್ಟು ದಿನ ಈ ಮನೆಗೆ ಹಾರಿಯೇ ಬಂದು ಹಾರಿಯೇ ಹೋದವಳು ಅದನ್ನು ಗಮನಿಸಿದ್ದೇ ಇಲ್ಲ. ಗರಿಯಿಲ್ಲದ ರೆಕ್ಕೆಯನ್ನು ಎರಡು ಸಲ ಬಡಿದು, ಕಲ್ಲಿನ ಹಾಗೆ ಪೊದೆಯ ಮೇಲೆ ಬಿದ್ದಳು.

ಪೊದೆಯಿದ್ದದ್ದರಿಂದ ಜೀವ ಉಳಿಯಿತು. ಎದ್ದು ಬೊಡ್ಡೆಗೆ ಉಗುರು ಹಾಕಿದಳು, ಜಾರಿದಳು. ಮತ್ತೆ ಹಾಕಿದಳು, ಮತ್ತೆ ಜಾರಿದಳು. ಮೇಲೆ ಮರಿ ಕೂಗುತ್ತಿತ್ತು. ಗೋಡೆಯಿಲ್ಲದ ಮನೆಯಿಂದ ಆ ಕೂಗು ಈಗ ಇಡೀ ಕಾಡಿಗೆ ಕೇಳುತ್ತಿತ್ತು.

ಅಷ್ಟರಲ್ಲಿ ರಂಗಿ ಬಾಯಲ್ಲಿ ಏನನ್ನೋ ಕಚ್ಚಿಕೊಂಡು ಬಂದು ಅವಳ ಮುಂದೆ ಮೆಲ್ಲಗೆ ಇಟ್ಟಳು. "ಗಿಡುಗನ ಮರದಡಿಯಿಂದ ತಂದೆ ಚೆನ್ನೀ. ಅವನ ಗುರುತು ಅಂತ ನಿನ್ನ ಹತ್ರ ಇರಲಿ."

ಕರೀ ಗರಿ. ತುದಿ ಬಿಳಿ. ಚೆನ್ನಿ ಅದನ್ನು ಕಾಲಿನಿಂದ ಹತ್ತಿರಕ್ಕೆ ಎಳೆದುಕೊಂಡಳು. ಬುಡ ಚಪ್ಪಟೆಯಾಗಿತ್ತು. ಅದರ ಮೇಲೆ ಕೊಕ್ಕಿನ ಗುರುತು, ಕಚ್ಚಿ ಕಚ್ಚಿ ತೆಳ್ಳಗೆ ಮಾಡಿದ್ದು. ಒಂದು ಮಗ್ಗುಲಿಗೆ ಒಣಗಿದ ಮಣ್ಣು ಅಂಟಿತ್ತು. ಕಂಡಿಯ ಬಿರುಕಿಗೆ ನಿನ್ನೆ ಮೆತ್ತಿದ ಮಣ್ಣು.

"ರಂಗಿ," ಅಂದಳು. "ಇದು ನನ್ನದು."

"ನಿನ್ನದೇ ಕಣೇ, ನೀನೇ ಇಟ್ಕೋ."

"ಇದು ನನ್ನ ರೆಕ್ಕೆಯ ಗರಿ. ನಿನ್ನೆ ನಾನೇ ಹೊರಗೆ ತಳ್ಳಿದ್ದು. ಗಾಳಿಗೆ ಅಲ್ಲಿಗೆ ಹೋಗಿದೆ."

ಆಗ ಮೇಲಿನಿಂದ ಗೂಬಜ್ಜಿಯ ಚೀರಾಟ ಕೇಳಿತು. ಬೊಡ್ಡೆಯ ಹಿಂಬದಿಯಿಂದ ಉಡ ಹತ್ತಿಹೋಗಿತ್ತು. ಮುದುಕಿ ಅದರ ತಲೆಗೆ ಎರಗಿದಳು, ಕುಕ್ಕಿದಳು, ಮತ್ತೆ ಎರಗಿದಳು. ಹರಟೆಮಲ್ಲರು ದೂರದ ಕೊಂಬೆಯಿಂದ ಗದ್ದಲ ಮಾಡಿದರು. ದಪ್ಪ ಚರ್ಮದ ಉಡ ಇದ್ಯಾವುದಕ್ಕೂ ತಿರುಗಿ ನೋಡದೆ ಒಡೆದ ಬಾಗಿಲೊಳಗೆ ತಲೆ ಹಾಕಿತು.

ಕೆಳಗಿದ್ದ ಚೆನ್ನಿ ಬೊಡ್ಡೆಯನ್ನು ಕೆರೆಯುತ್ತಲೇ ಇದ್ದಳು. ಮರಿಯ ಕೂಗು ನಿಂತಿತು. ಅವಳ ಉಗುರು ನಿಲ್ಲಲಿಲ್ಲ.

ಉಡ ಇಳಿದುಹೋಯಿತು. ಬಿಸಿಲು ಮತ್ತಿಮರದ ತುದಿಗೆ ಏರಿತ್ತು. ಹೊತ್ತು ಇನ್ನೂ ಮುಳುಗಿರಲಿಲ್ಲ. ಹಳ್ಳದ ಆಚೆಯಿಂದ ಭುಸ್ ಭುಸ್ ಎಂಬ ಸದ್ದು ಬಂತು.

ಮಾದ ಹೇಳಿದ ಹೊತ್ತಿಗೇ ಬಂದ. ಗಂಟಲ ತುಂಬ ಆಲದ ಹಣ್ಣು. ಎಂದಿನಂತೆ ಪೊಟರೆಯ ಬಾಯಿಗೆ ಉಗುರು ಊರಿ ಕೂತು, ಗಂಟಲಿಂದ ಒಂದು ಹಣ್ಣನ್ನು ಕೊಕ್ಕಿನ ತುದಿಗೆ ತಂದು, ಕಂಡಿ ಇದ್ದ ಜಾಗಕ್ಕೆ ಚಾಚಿದ. ಒಳಗಿನಿಂದ ಯಾವ ಕೊಕ್ಕೂ ಬರಲಿಲ್ಲ. ಹಣ್ಣು ಜಾರಿ ಕೆಳಗೆ ಬಿತ್ತು. ಅವನು ಇನ್ನೊಂದನ್ನು ತಂದು ಚಾಚಿದ. ಅದೂ ಬಿತ್ತು. ಎದುರಿಗೆ ಗೋಡೆಯಿಲ್ಲವೆಂಬುದು ಅವನ ಕಣ್ಣಿಗೆ ಬಿದ್ದಿತ್ತು, ತಲೆಗೆ ಇನ್ನೂ ಇಳಿದಿರಲಿಲ್ಲ.

"ಮಾದಾ," ಎಂದಳು ಚೆನ್ನಿ ಕೆಳಗಿನಿಂದ.

ಅವನು ಇಳಿದು ಬಂದ. ಅವಳ ಬೋಳು ರೆಕ್ಕೆಯನ್ನು ನೋಡಿದ, ಬಿದ್ದ ಮಣ್ಣಿನ ಹೆಂಟೆಗಳನ್ನು ನೋಡಿದ, ಮೇಲೆ ನೋಡಿದ. "ಗೋಡೆ," ಎಂದಷ್ಟೇ ಅಂದ.

"ನೀನು ಸತ್ತೆ ಅಂದ್ರು."

"ಯಾರು ಅಂದ್ರು?"

ಚೆನ್ನಿ ಕಂಡವರ ಹೆಸರು ಒಂದಾದರೂ ನೆನಪಾಗಲಿ ಎಂದು ಹುಡುಕಿದಳು. ಒಂದೂ ಸಿಗಲಿಲ್ಲ.

"ಎಲ್ಲರೂ," ಅಂದಳು.

ಮಾದ ಒಂದು ಹಣ್ಣನ್ನು ಗಂಟಲಿಂದ ತೆಗೆದು ಅವಳ ಮುಂದಿಟ್ಟ. ಅವಳು ಮುಟ್ಟಲಿಲ್ಲ. ಅವನು ಅದನ್ನು ಇನ್ನೂ ಸ್ವಲ್ಪ ಹತ್ತಿರಕ್ಕೆ ತಳ್ಳಿದ.

ಮತ್ತಿಕೊಂಬೆಯ ಮೇಲೆ ಗೂಡಿಗೆ ಹೊರಟಿದ್ದ ಗಿಳಿಗಳ ಹಿಂಡೊಂದು ಬಂದಿಳಿಯಿತು. ನಾಗಕ್ಕ ಅವರ ಪಕ್ಕಕ್ಕೆ ಸರಿದು ಕೂತಳು. ಅವಳ ಕಣ್ಣು ಇನ್ನೂ ಒದ್ದೆಯಾಗಿತ್ತು. ಚೆನ್ನಿ ಬಿದ್ದದ್ದನ್ನು ಅವಳು ಕಂಡಿದ್ದಳು, ಎದ್ದದ್ದನ್ನು ಕಂಡಿರಲಿಲ್ಲ.

"ಕೇಳಿದ್ರಾ?" ಅಂದಳು. "ನಮ್ಮ ಚೆನ್ನಿ ಹೋದಳು. ಮರೀನೂ ಹೋಯ್ತು. ಉಡ ತಿಂದುಬಿಡ್ತಂತೆ. ಕೊನೇಲಿ ಮಾದಾ ಅಂತ ಒಂದೇ ಸಲ ಕೂಗಿದಳಂತೆ."

ಗಿಳಿಗಳು ಅಯ್ಯೋ ಎಂದವು. ಎದುರಿನ ತಾರೆಮರದ ಬುಡದಲ್ಲೇ ಚೆನ್ನಿ ಕೂತಿದ್ದಳು. ಒಂದು ಗಿಳಿಯಾದರೂ ಕತ್ತು ಬಗ್ಗಿಸಿ ನೋಡಬಹುದಿತ್ತು. ಅವು ಸುದ್ದಿಯನ್ನು ಕಚ್ಚಿಕೊಂಡು ಹಳ್ಳದಾಚೆಗೆ ಹಾರಿದವು.

ನೀತಿ: ಒಂದು ಸುದ್ದಿ ಎಷ್ಟು ಬಾಯಿಗಳಿಂದ ಬಂತೆಂದು ಎಣಿಸಬೇಡಿ, ಅದನ್ನು ಕಂಡ ಕಣ್ಣು ಯಾವುದೆಂದು ಕೇಳಿ; ಉತ್ತರ ಸಿಗುವ ತನಕ, ಮತ್ತೆ ಕಟ್ಟಲಾಗದ್ದನ್ನು ಒಡೆಯಬೇಡಿ.